ಅಡುಗೆಮನೆಯ ಹೊಸ ಸಲಕರಣೆಗಳು: ನಾಸಿಕ ಮತ್ತು ಸಂಭಾಜಿನಗರದ ಕನ್ನಡ ಮನೆಗಳಲ್ಲೊಂದು ಪರಾಮರ್ಶೆ

ಗೋದಾವರಿಯ ತೀರದ ನಾಸಿಕ ಮತ್ತು ಮರಾಠವಾಡದ ಕೇಂದ್ರವಾದ ಛತ್ರಪತಿ ಸಂಭಾಜಿನಗರ (2023ರವರೆಗೆ ಔರಂಗಾಬಾದ್), ಈ ಎರಡೂ ನಗರಗಳಲ್ಲಿ ಕನ್ನಡ ಕುಟುಂಬಗಳು ಬಹುಕಾಲದಿಂದ ನೆಲೆಸಿವೆ. 1964ರಲ್ಲಿ ನಾಸಿಕದ ಸಮೀಪದ ಓಝರ್‌ನಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ವಿಮಾನ ಕಾರ್ಖಾನೆ ಸ್ಥಾಪನೆಯಾಯಿತು. ಬೆಂಗಳೂರಿನ ಮೈಕೋ ಸಂಸ್ಥೆಯೂ ನಾಸಿಕದಲ್ಲಿ ತನ್ನ ಘಟಕವನ್ನು ತೆರೆಯಿತು. 1985ರಲ್ಲಿ ವಾಳೂಜಿನಲ್ಲಿ ಬಜಾಜ್ ಆಟೋ ಕಾರ್ಖಾನೆ ಬಂದ ಮೇಲೆ ಆ ಭಾಗವೂ ಕೈಗಾರಿಕೆಯ ನೆಲೆಯಾಯಿತು. ಉದ್ಯೋಗದ ನಿಮಿತ್ತ, ಬ್ಯಾಂಕಿನ ವರ್ಗಾವಣೆಯ ನಿಮಿತ್ತ, ಹೋಟೆಲ್ ವ್ಯವಹಾರದ ನಿಮಿತ್ತ ಇಲ್ಲಿಗೆ ಬಂದ ನಮ್ಮವರು ಮನೆಯಲ್ಲಿ ಉಳಿಸಿಕೊಂಡು ಬಂದದ್ದು ಎರಡನ್ನು: ಒಂದು ಭಾಷೆ, ಇನ್ನೊಂದು ಊಟ. ಭಾಷೆಯ ವಿಚಾರವನ್ನು ಈ ಪುಟಗಳಲ್ಲಿ ಪದೇ ಪದೇ ಚರ್ಚಿಸಲಾಗಿದೆ. ಈ ಬಾರಿ ಊಟದ ಬೆನ್ನಿಗಿರುವ ಶ್ರಮದ ಬಗ್ಗೆ, ಆ ಶ್ರಮವನ್ನು ಕಡಿಮೆ ಮಾಡುತ್ತೇವೆಂದು ಮಾರುಕಟ್ಟೆಗೆ ಬರುವ ಹೊಸ ಹೊಸ ಸಲಕರಣೆಗಳ ಬಗ್ಗೆ ಬರೆಯುತ್ತಿದ್ದೇವೆ.

ಇಲ್ಲಿ 'ಹೊಸ ಸಲಕರಣೆ' ಎಂದರೆ ಮಿಕ್ಸರ್, ಕುಕ್ಕರ್, ಫ್ರಿಜ್ ಮುಂತಾಗಿ ಈಗಾಗಲೇ ಮನೆಯ ಸದಸ್ಯರಂತಾಗಿರುವ ವಸ್ತುಗಳಲ್ಲ. ಹಗ್ಗ ಎಳೆದರೆ ಈರುಳ್ಳಿ ಕತ್ತರಿಸುವ ಡಬ್ಬಿ, ಗುಂಡಿ ಒತ್ತಿದರೆ ರೊಟ್ಟಿ ಬೇಯಿಸುವ ಯಂತ್ರ, ಎಣ್ಣೆಯಿಲ್ಲದೆ ಕರಿಯುವ ಪೆಟ್ಟಿಗೆ, ಬೆಳ್ಳುಳ್ಳಿ ಸುಲಿಯುವ ರಬ್ಬರ್ ಕೊಳವೆ, ಮೊಸರು ಹೆಪ್ಪುಗಟ್ಟಿಸುವ ವಿದ್ಯುತ್ ಪಾತ್ರೆ, ಇಂಥವು. ನಾಸಿಕದ ಭಾಂಡಿ ಬಜಾರಿನಲ್ಲಿ, ಸಂಭಾಜಿನಗರದ ಗುಲಮಂಡಿಯಲ್ಲಿ, ಹಬ್ಬದ ಮುನ್ನ ನಡೆಯುವ ಮಾರಾಟ ಪ್ರದರ್ಶನಗಳಲ್ಲಿ ಇವುಗಳ ಪ್ರಾತ್ಯಕ್ಷಿಕೆ ನಡೆಯುತ್ತದೆ. ಮಾರಾಟಗಾರನ ಕೈಯಲ್ಲಿ ಕ್ಯಾರೆಟ್ ಕ್ಷಣಾರ್ಧದಲ್ಲಿ ಹೂವಾಗುತ್ತದೆ. ಅದೇ ಸಲಕರಣೆ ಮನೆಗೆ ಬಂದ ಮೂರನೆಯ ವಾರ ಅಟ್ಟ ಸೇರುವುದೂ ಉಂಟು. ಯಾವುದು ಅಟ್ಟ ಸೇರುತ್ತದೆ, ಯಾವುದು ಕೈಗೆ ಸಿಗುವ ಜಾಗದಲ್ಲೇ ಉಳಿಯುತ್ತದೆ ಎಂಬುದಕ್ಕೆ ಕಾರಣಗಳಿವೆ. ಅವು ಅದೃಷ್ಟದ ಮಾತಲ್ಲ.

ಹಿಂದಿನ ಕಥೆ ಸ್ವಲ್ಪ

ಅಡುಗೆಯ ಶ್ರಮವನ್ನು ಯಂತ್ರಕ್ಕೆ ಒಪ್ಪಿಸುವ ಆಸೆ ಹೊಸದಲ್ಲ. 1910ರಲ್ಲಿ ಕಲ್ಕತ್ತೆಯ ಡಾ. ಇಂದುಮಾಧವ ಮಲ್ಲಿಕ್ ಅವರು 'ಇಕ್ಮಿಕ್ ಕುಕ್ಕರ್' ಎಂಬ ಪಾತ್ರೆಯನ್ನು ರೂಪಿಸಿದರು. ಒಂದರ ಮೇಲೊಂದು ಡಬ್ಬಿಗಳಲ್ಲಿ ಅನ್ನ, ಬೇಳೆ, ಪಲ್ಯ ಇಟ್ಟು ಕೆಳಗೆ ಇದ್ದಿಲ ಕೆಂಡ ಹಾಕಿದರೆ ಆವಿಯಲ್ಲಿ ಎಲ್ಲವೂ ಬೇಯುತ್ತಿತ್ತು. ಅಂದಿನ ದಿನಕ್ಕೆ ಅದೊಂದು ವಿಚಿತ್ರ ವಸ್ತುವೇ. ಅಮೆರಿಕದಲ್ಲಿ ಸ್ಯಾಮ್ಯುಯೆಲ್ ಪೊಪೀಲ್ 1960ರ ದಶಕದಲ್ಲಿ 'ವೆಜ್-ಓ-ಮ್ಯಾಟಿಕ್' ಎಂಬ ತರಕಾರಿ ಹೆಚ್ಚುವ ಸಾಧನವನ್ನು ತಂದರು; ಅವರ ಮಗ ರಾನ್ ಪೊಪೀಲ್ ಅದನ್ನು ದೂರದರ್ಶನದಲ್ಲಿ ಮಾರಿ ಪ್ರಸಿದ್ಧರಾದರು. ಇಂದು ನಮ್ಮ ಬಜಾರುಗಳಲ್ಲಿ ಕಾಣುವ ಚೌಕಟ್ಟಿನ ಬ್ಲೇಡಿನ ಮೇಲೆ ತರಕಾರಿಯಿಟ್ಟು ಮುಚ್ಚಳ ಒತ್ತುವ ಸಾಧನಗಳೆಲ್ಲ ಆ ವಂಶದವೇ. ಭಾರತದಲ್ಲಿ 1990ರ ದಶಕದಿಂದ ದೂರದರ್ಶನ ವಾಹಿನಿಗಳಲ್ಲಿ ಇದೇ ಧಾಟಿಯ ಮಾರಾಟ ಆರಂಭವಾಯಿತು. ತಡರಾತ್ರಿಯ ಆ ಕಾರ್ಯಕ್ರಮಗಳ ಏರುದನಿ ಹಲವರಿಗೆ ನೆನಪಿರಬಹುದು.

ಆದರೆ ಪ್ರತಿಯೊಂದು ಹೊಸತನ್ನೂ ಅಣಕಿಸುವುದು ಸರಿಯಲ್ಲ. ಸತ್ಯಪ್ರಕಾಶ ಮಾಥುರ್ ಎಂಬ ಎಂಜಿನಿಯರ್ ಅವರ ಪತ್ನಿ ಮಾಧುರಿ ಅವರ ಜರ್ಮನ್ ಮಿಕ್ಸರ್ ಭಾರತೀಯ ಮಸಾಲೆಯ ಭಾರಕ್ಕೆ ತಾಳದೆ ಸುಟ್ಟುಹೋದಾಗ, ಮಾಥುರ್ ಅವರು ನಮ್ಮ ಅಡುಗೆಗೆ ಒಗ್ಗುವ ಮೋಟಾರನ್ನು ರೂಪಿಸಲು ಹೊರಟರು. 1963ರಲ್ಲಿ ಅವರು ಆರಂಭಿಸಿದ ಸಂಸ್ಥೆಯಿಂದ 'ಸುಮೀತ್' ಮಿಕ್ಸರ್ ಬಂತು. ಅದನ್ನು ಮೊದಲು ಕಂಡವರೂ 'ಕಲ್ಲಿನ ರುಚಿ ಬರುವುದಿಲ್ಲ' ಎಂದೇ ಮೂಗು ಮುರಿದಿರಬೇಕು. ಅಲ್ಲಿನ ಪಾಠ ಸ್ಪಷ್ಟ. ವಿದೇಶದ ಯಂತ್ರ ಕೆಟ್ಟದ್ದಾಗಿರಲಿಲ್ಲ. ಒಣ ಅರಿಶಿನ ಕೊಂಬು, ಒಣಮೆಣಸು, ನೆನೆದ ಉದ್ದು ಇವನ್ನು ಗಮನದಲ್ಲಿಟ್ಟು ಮಾಡಿದ್ದಾಗಿರಲಿಲ್ಲ. ಇಂದಿನ ಅನೇಕ ಸಲಕರಣೆಗಳ ಸೋಲಿಗೂ ಇದೇ ಕಾರಣವೆಂದು ನಮ್ಮ ಅಭಿಪ್ರಾಯ.

ಹಿಟ್ಟು ರುಬ್ಬುವ ಪ್ರಶ್ನೆ

ದಕ್ಷಿಣ ಕರ್ನಾಟಕ ಮತ್ತು ಕರಾವಳಿಯ ಮನೆಗಳಿಗೆ ಮೊದಲ ಪ್ರಶ್ನೆ ಇಡ್ಲಿ-ದೋಸೆಯದು. ಮಹಾರಾಷ್ಟ್ರದ ಮನೆಗಳಲ್ಲಿ ಪಾಟಾ-ವರವಂಟಾ ಎಂಬ ಚಪ್ಪಟೆ ಕಲ್ಲು ಮತ್ತು ಬೀಸುವ ಜಾತೆ ಇತ್ತು. ನಮ್ಮ ರುಬ್ಬುವ ಗುಂಡು ಇರುತ್ತಿರಲಿಲ್ಲ. ಊರಿನಿಂದ ಲಾರಿಯಲ್ಲಿ ಒರಳುಕಲ್ಲು ತರಿಸಿದವರುಂಟು. ಫ್ಲಾಟಿನ ಮೂರನೆಯ ಮಹಡಿಗೆ ಅದನ್ನು ಏರಿಸುವ ಪ್ರಸಂಗ ಪ್ರತ್ಯೇಕ ಲೇಖನವನ್ನೇ ಬೇಡುತ್ತದೆ.

ಇದಕ್ಕೆ ಉತ್ತರವಾಗಿ ಬಂದದ್ದು ಕೊಯಮತ್ತೂರಿನ ವೆಟ್ ಗ್ರೈಂಡರ್. ಭೌಗೋಳಿಕ ಗುರುತಿನ ಮಾನ್ಯತೆ ಪಡೆದಿರುವ ಈ ಯಂತ್ರದ ಮೇಜಿನ ಮೇಲಿಡುವ ಮಾದರಿ ಈಗ ಎರಡೂ ನಗರಗಳಲ್ಲಿ ದೊರೆಯುತ್ತದೆ. ಇದರ ಗುಣವನ್ನು ಅರಿಯಲು ವೇಗವನ್ನು ಗಮನಿಸಬೇಕು. ಮಿಕ್ಸರಿನ ಮೋಟಾರು ಭಾರವಿಲ್ಲದಾಗ ನಿಮಿಷಕ್ಕೆ ಸುಮಾರು 18,000ದಿಂದ 20,000 ಸುತ್ತು ತಿರುಗುತ್ತದೆ. ಗ್ರೈಂಡರಿನ ಪಾತ್ರೆ ತಿರುಗುವುದು ನೂರು, ನೂರೈವತ್ತು ಸುತ್ತಿನ ಆಸುಪಾಸಿನಲ್ಲಿ. ಮಿಕ್ಸರಿನ ಬ್ಲೇಡು ಉದ್ದನ್ನು ಕತ್ತರಿಸುತ್ತದೆ, ಬಿಸಿ ಮಾಡುತ್ತದೆ. ಕಲ್ಲು ಅದನ್ನು ಜಜ್ಜಿ ಗಾಳಿಯನ್ನು ಸೇರಿಸಿಕೊಳ್ಳುತ್ತ ನಯವಾಗಿಸುತ್ತದೆ. ಉದ್ದಿನ ಹಿಟ್ಟು ಹತ್ತಿಯಂತೆ ಉಬ್ಬುವುದು ಈ ನಿಧಾನದಿಂದಲೇ. ವಿದ್ಯುತ್ತಿನ ಲೆಕ್ಕವನ್ನೂ ಹಾಕಿದ್ದೇವೆ: 150 ವಾಟಿನ ಗ್ರೈಂಡರ್ 40 ನಿಮಿಷ ಓಡಿದರೆ ಒಂದು ಯೂನಿಟ್ಟಿನ ಹತ್ತನೆಯ ಒಂದು ಭಾಗ, 750 ವಾಟಿನ ಮಿಕ್ಸರ್ ಹತ್ತು ನಿಮಿಷ ಓಡಿದರೆ ಅದಕ್ಕಿಂತ ತುಸು ಹೆಚ್ಚು. ಆದ್ದರಿಂದ ಖರ್ಚಿನ ಭಯ ಬೇಡ.

ಹಾಗೆಂದು ಎಲ್ಲರೂ ಕೊಳ್ಳಬೇಕೆಂದು ನಾವು ಹೇಳುವುದಿಲ್ಲ. ವಾರಕ್ಕೆರಡು ಬಾರಿ ಹಿಟ್ಟು ರುಬ್ಬುವ, ನಾಲ್ಕೈದು ಜನರಿರುವ ಮನೆಗೆ ಇದು ಸಾರ್ಥಕ. ಇಬ್ಬರೇ ಇರುವ ಮನೆಗೆ ಅಲ್ಲ. ಕಡಿಮೆ ಹಿಟ್ಟು ಕಲ್ಲಿಗೆ ಸಿಗುವುದೇ ಇಲ್ಲ, ಗೋಡೆಗೆ ಅಂಟಿಕೊಳ್ಳುತ್ತದೆ. ಅಂಥವರು ಅಕ್ಕಿಯ ಬದಲು ಇಡ್ಲಿ ರವೆ ಬಳಸಿ, ಉದ್ದನ್ನು ಮಾತ್ರ ಮಿಕ್ಸರಿನಲ್ಲಿ ಫ್ರಿಜ್ಜಿನ ತಣ್ಣೀರು ಹಾಕಿ ಬಿಟ್ಟು ಬಿಟ್ಟು ರುಬ್ಬಿಕೊಂಡರೆ ಸಾಕು. ಗ್ರೈಂಡರಿನ ಜೊತೆಗೆ ಬರುವ ಕಾಯಿ ತುರಿಯುವ ಜೋಡಣೆ ಮತ್ತು ಚಪಾತಿ ಹಿಟ್ಟು ಕಲಸುವ ಜೋಡಣೆಗಳ ಪೈಕಿ ಮೊದಲನೆಯದು ಹಬ್ಬದ ದಿನ ನಿಜವಾಗಿ ಉಪಕಾರಿ. ಎರಡನೆಯದನ್ನು ಒಮ್ಮೆ ಬಳಸಿದವರು ಮತ್ತೆ ಬಳಸಿದ್ದನ್ನು ನಾವು ಕಂಡಿಲ್ಲ.

ರುಬ್ಬಿದ ಮೇಲೆ ಹುದುಗುವ ಸಮಸ್ಯೆ. ನಾಸಿಕ ಜಿಲ್ಲೆಯ ಚಳಿಗಾಲ ಬೆಂಗಳೂರಿನವರಿಗೆ ಅನಿರೀಕ್ಷಿತವಾದದ್ದು. ನಿಫಾಡ ತಾಲೂಕು ಮಹಾರಾಷ್ಟ್ರದ ಅತಿ ಶೀತಲ ಪ್ರದೇಶಗಳಲ್ಲೊಂದು. ನಾಸಿಕ ನಗರದಲ್ಲೂ ಡಿಸೆಂಬರ್-ಜನವರಿಯಲ್ಲಿ ಉಷ್ಣತೆ 10 ಡಿಗ್ರಿಗಿಂತ ಕೆಳಗಿಳಿಯುವುದುಂಟು. ರಾತ್ರಿ ಇಟ್ಟ ಹಿಟ್ಟು ಬೆಳಿಗ್ಗೆ ಇಟ್ಟಂತೆಯೇ ಇರುತ್ತದೆ. ಇದಕ್ಕಾಗಿ ಕೆಲವರು ವಿದ್ಯುತ್ ಮೊಸರು ಪಾತ್ರೆಯನ್ನು ಕೊಂಡರು. ಮೊಸರಿಗೆ ಅದು ಉತ್ತಮ. ಚಳಿಗಾಲದಲ್ಲಿಯೂ ಗಟ್ಟಿ ಮೊಸರು ದೊರೆಯುತ್ತದೆ. ಇಡ್ಲಿ ಹಿಟ್ಟಿಗೆ ಮಾತ್ರ ಅದರ ಶಾಖ ಅತಿಯಾಯಿತು. ಮೊಸರಿನ ಹೆಪ್ಪಿಗೆ 40 ಡಿಗ್ರಿ ದಾಟಿದ ಶಾಖ ಹಿತ, ಹಿಟ್ಟಿನ ಹುದುಗಿಗೆ 30 ಡಿಗ್ರಿಯ ಆಸುಪಾಸು ಹಿತ. ಹೆಚ್ಚು ಶಾಖದಲ್ಲಿ ಹಿಟ್ಟು ಉಬ್ಬುವುದಕ್ಕಿಂತ ಮೊದಲು ಹುಳಿಯಾಗುತ್ತದೆ. ಕೆನಡಾದಲ್ಲಿ 2010ರಲ್ಲಿ ಬಂದ 'ಇನ್‌ಸ್ಟಂಟ್ ಪಾಟ್' ಮಾದರಿಯ ವಿದ್ಯುತ್ ಕುಕ್ಕರುಗಳನ್ನು ಅಮೆರಿಕದಲ್ಲಿರುವ ಮಕ್ಕಳು ತಂದುಕೊಟ್ಟ ಮನೆಗಳಲ್ಲೂ, ಅದರ ಮೊಸರಿನ ಗುಂಡಿ ಒತ್ತುವಾಗ ಇದೇ ಎಚ್ಚರ ಬೇಕು. ಶಾಖ ತಗ್ಗಿಸುವ ಅವಕಾಶವಿದ್ದರೆ ತಗ್ಗಿಸಬೇಕು. (ಅಮೆರಿಕದ 110 ವೋಲ್ಟಿನ ಯಂತ್ರವನ್ನು ಇಲ್ಲಿನ 230 ವೋಲ್ಟಿಗೆ ನೇರವಾಗಿ ಜೋಡಿಸಬಾರದೆಂಬುದನ್ನು ಬೇರೆ ಹೇಳಬೇಕೆ?) ನಮ್ಮ ಹಿರಿಯರ ಉಪಾಯ, ಎಂದರೆ ಪಾತ್ರೆಗೆ ಕಂಬಳಿ ಸುತ್ತಿ ಬಿಸಿನೀರಿನ ಹಂಡೆಯ ಪಕ್ಕ ಇಡುವುದು, ಇಂದಿಗೂ ಸೋತಿಲ್ಲ. ಓವನ್ ಇರುವವರು ಅದರ ಒಳಗಿನ ದೀಪವನ್ನಷ್ಟೇ ಉರಿಸಿ ಹಿಟ್ಟನ್ನು ಒಳಗಿಡಬಹುದು.

ಜೋಳದ ರೊಟ್ಟಿಯ ಮುಂದೆ ಯಂತ್ರ

ವಿಜಯಪುರ, ಕಲಬುರಗಿ, ಬೀದರ, ಬಾಗಲಕೋಟೆ, ಧಾರವಾಡದ ಕಡೆಯಿಂದ ಬಂದವರ ಪ್ರಶ್ನೆ ಬೇರೆ. ಮರಾಠವಾಡದಲ್ಲಿ ಮಾಲದಂಡಿ ಜೋಳ ಸುಲಭವಾಗಿ ಸಿಗುತ್ತದೆ. ನಾಸಿಕದ ಕಡೆ ಸಜ್ಜೆಯ ಭಾಕರಿಯೂ ರೂಢಿ. ಹಿಟ್ಟಿಗೆ ಕೊರತೆಯಿಲ್ಲ, ಬಡಿಯುವ ಕೈಗಳಿಗೆ ಕೊರತೆ. ತಾಯಿಯ ತಲೆಮಾರಿಗೆ ಸಹಜವಾಗಿದ್ದ ಈ ವಿದ್ಯೆ ಮಗಳ ತಲೆಮಾರಿಗೆ ಅರ್ಧ ಬಂದಿದೆ, ಮೊಮ್ಮಕ್ಕಳಿಗೆ ಬಂದಿಲ್ಲ. ಆದ್ದರಿಂದ ರೊಟ್ಟಿ ಯಂತ್ರದ ಜಾಹೀರಾತು ಈ ಮನೆಗಳಿಗೆ ಬಹಳ ಆಕರ್ಷಕವಾಗಿ ಕಾಣುತ್ತದೆ.

ಸಾಮಾನ್ಯ ವಿದ್ಯುತ್ ರೊಟ್ಟಿ ಯಂತ್ರದಲ್ಲಿ ಎರಡು ಬಿಸಿ ತಟ್ಟೆಗಳಿರುತ್ತವೆ. ಉಂಡೆಯಿಟ್ಟು ಮೇಲಿನ ತಟ್ಟೆಯನ್ನು ಒಂದು ಕ್ಷಣ ಒತ್ತಿ ಎತ್ತಬೇಕು. ಗೋಧಿ ಹಿಟ್ಟಿನಲ್ಲಿ ಅಂಟು ಇರುವುದರಿಂದ ಉಂಡೆ ಹಿಗ್ಗುತ್ತದೆ. ಆದರೂ ಕಲಸುವಾಗ ನೀರು ಮಾಮೂಲಿಗಿಂತ ಹೆಚ್ಚಿರಬೇಕು, ಹಿಟ್ಟು ಅರ್ಧ ಗಂಟೆ ನೆನೆಯಬೇಕು, ಒತ್ತುವ ಕ್ಷಣ ತಪ್ಪಬಾರದು. ಒಂದು ಸೆಕೆಂಡು ಹೆಚ್ಚಾದರೆ ಆವಿ ತಪ್ಪಿಸಿಕೊಳ್ಳುವ ಭರದಲ್ಲಿ ಚಪಾತಿ ಹರಿಯುತ್ತದೆ, ಕಡಿಮೆಯಾದರೆ ದಪ್ಪ ಉಳಿಯುತ್ತದೆ. ಇಷ್ಟೆಲ್ಲ ಕಲಿಯುವ ಹೊತ್ತಿಗೆ ಲಟ್ಟಣಿಗೆ ಹಿಡಿಯುವುದನ್ನೇ ಕಲಿಯಬಹುದೆಂದು ಹಲವು ಗೃಹಿಣಿಯರು ಹೇಳಿದ್ದಾರೆ. ಅವರ ಮಾತನ್ನು ನಾವು ಅಲ್ಲಗಳೆಯಲಾರೆವು. ತಣ್ಣಗಾದ ಮೇಲೆ ಆ ಚಪಾತಿ ಹಪ್ಪಳದಂತೆ ಗಡುಸಾಗುತ್ತದೆ, ಡಬ್ಬಿಗೆ ಕಟ್ಟಲು ಬರುವುದಿಲ್ಲ.

ಜೋಳದ ವಿಷಯ ಇನ್ನೂ ಕಠಿಣ. ಜೋಳದಲ್ಲಿ ಗೋಧಿಯ ಅಂಟು ಇಲ್ಲವೇ ಇಲ್ಲ. ಕುದಿವ ನೀರು ಹಾಕಿ ಕಲಸುವುದು, ನಾದುವುದು, ನೀರು ಸವರುವುದು, ಬಡಿಯುವುದು ಎಲ್ಲವೂ ಹಿಟ್ಟಿನ ಪಿಷ್ಟವನ್ನು ಬೇಯಿಸಿ ಅದರಿಂದಲೇ ಬಂಧ ತರಿಸುವ ಉಪಾಯಗಳು. ಬಡಿಯುವಾಗ ಬೆರಳುಗಳು ಅಂಚಿನ ಬಿರುಕನ್ನು ಕಂಡಲ್ಲೇ ಕೂಡಿಸುತ್ತ ಹೋಗುತ್ತವೆ. ತಟ್ಟೆಗಳ ನಡುವೆ ಏಕಕಾಲಕ್ಕೆ ಒತ್ತಿದರೆ ಅಂಚು ಸೀಳುತ್ತದೆ, ಕೂಡಿಸುವವರಿಲ್ಲ. ಯಂತ್ರಕ್ಕೆ ಬೆರಳಿಲ್ಲ, ಅಷ್ಟೇ ಸಮಸ್ಯೆ. ಸಿಂಗಪುರದಲ್ಲಿ 2008ರಲ್ಲಿ ಆರಂಭವಾದ ಸಂಸ್ಥೆಯೊಂದು ರೂಪಿಸಿದ 'ರೋಟಿಮ್ಯಾಟಿಕ್' ಎಂಬ ಯಂತ್ರ ಹಿಟ್ಟು, ನೀರು, ಎಣ್ಣೆಗಳನ್ನು ತಾನೇ ತೆಗೆದುಕೊಂಡು ರೊಟ್ಟಿ ಮಾಡಿ ಹೊರಹಾಕುತ್ತದೆ. ಅದರ ಸಂಸ್ಥಾಪಕರಲ್ಲೊಬ್ಬರಾದ ಪ್ರಣೋತಿ ನಾಗರಕರ್ ಅವರು ಎಂಜಿನಿಯರ್. ವಿದೇಶದ ಕನ್ನಡ ಮನೆಗಳಲ್ಲಿ ಇದಕ್ಕೆ ಸ್ಥಾನವಿದೆ. ಬೆಳಿಗ್ಗೆ ಆರಕ್ಕೆ ಹೊರಡುವ ದಂಪತಿಗಳಿಗೆ ಬಿಸಿ ಫುಲ್ಕ ಸಣ್ಣ ವಿಷಯವಲ್ಲ. ಆದರೆ ಅದು ಮೂಲತಃ ಗೋಧಿ ಹಿಟ್ಟಿಗಾಗಿ ಹುಟ್ಟಿದ್ದು, ಬೆಲೆಯೂ ಒಂದು ಒಳ್ಳೆಯ ಫ್ರಿಜ್ಜಿನ ಬೆಲೆಗಿಂತ ಕಡಿಮೆಯಲ್ಲ. ನಾಸಿಕದಲ್ಲಿ ಮನೆಗೆ ಬಂದು ಭಾಕರಿ ಬಡಿದುಕೊಡುವ ಮಹಿಳೆಯರಿರುವಾಗ, ಆ ಹಣ ಅವರ ಮನೆ ತಲುಪುವುದೇ ಲೇಸೆಂದು ನಮಗೆ ತೋರುತ್ತದೆ.

ನಡುವಿನ ದಾರಿಯೊಂದಿದೆ. ಮರದ ಅಥವಾ ಉಕ್ಕಿನ ಕೈಒತ್ತು. ವಿದ್ಯುತ್ ಬೇಡ. ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಚೆನ್ನಾಗಿ ನಾದಿದ ಜೋಳದ ಉಂಡೆಯಿಟ್ಟು ಮುಕ್ಕಾಲು ಅಗಲ ಒತ್ತಿ, ಉಳಿದದ್ದನ್ನು ಕೈಯಿಂದ ಬಡಿದರೆ ಹೊಸದಾಗಿ ಕಲಿಯುವವರಿಗೂ ಸಾಧಾರಣ ರೊಟ್ಟಿ ಬರುತ್ತದೆ. ಅಕ್ಕಿರೊಟ್ಟಿಗೂ ಪೂರಿಗೂ ಇದೇ ಸಾಕು. ಕಟಕ್ ರೊಟ್ಟಿಯ ತೆಳುವನ್ನು ಮಾತ್ರ ಇದರಿಂದ ನಿರೀಕ್ಷಿಸಬಾರದು.

ಈರುಳ್ಳಿಯ ಜಿಲ್ಲೆಯಲ್ಲಿ ಈರುಳ್ಳಿ ಹೆಚ್ಚುವುದು

ಲಾಸಲಗಾಂವದ ಈರುಳ್ಳಿ ಮಾರುಕಟ್ಟೆ ನಾಸಿಕ ಜಿಲ್ಲೆಯಲ್ಲೇ ಇರುವುದರಿಂದ ಈ ವಿಭಾಗಕ್ಕೆ ಸ್ಥಳಮಹಿಮೆ ಇದೆ. ಹಗ್ಗ ಎಳೆಯುವ ಕತ್ತರಿ ಡಬ್ಬಿ ಇಂದು ಬಹುಶಃ ಎಲ್ಲಕ್ಕಿಂತ ಹೆಚ್ಚು ಮನೆಗಳಲ್ಲಿರುವ ಹೊಸ ಸಲಕರಣೆ. ಅದರ ಮೇಲೆ ನಮಗೆ ಗೌರವವಿದೆ. ಹಸಿಮೆಣಸು-ಶುಂಠಿ, ಶೇಂಗಾ ಚಟ್ನಿಗೆ ಶೇಂಗಾ, ಕೋಸಂಬರಿಗೆ ಕ್ಯಾರೆಟ್, ಉಪ್ಪಿಟ್ಟಿಗೆ ಈರುಳ್ಳಿ ಇವೆಲ್ಲ ಹತ್ತು-ಹದಿನೈದು ಎಳೆತದಲ್ಲಿ ಆಗುತ್ತವೆ. 2005ರಿಂದ ಕೆಲವು ವರ್ಷ ಮಹಾರಾಷ್ಟ್ರ ತೀವ್ರ ವಿದ್ಯುತ್ ಕಡಿತವನ್ನು ಅನುಭವಿಸಿದ್ದನ್ನು ಬಲ್ಲವರಿಗೆ, ಕೈಯಿಂದ ನಡೆಯುವ ಸಾಧನದ ಬೆಲೆ ಗೊತ್ತು. ಡಬ್ಬಿಯನ್ನು ಅರ್ಧಕ್ಕಿಂತ ಹೆಚ್ಚು ತುಂಬಬಾರದು, ದೊಡ್ಡ ತುಂಡುಗಳನ್ನು ಹಾಗೆಯೇ ಹಾಕಬಾರದು. ಇವೆರಡು ತಪ್ಪಿದರೆ ಕೆಳಗಿನದು ಗೊಜ್ಜಾಗಿ ಮೇಲಿನದು ಹಾಗೆಯೇ ಉಳಿಯುತ್ತದೆ. ಸಾಮಾನ್ಯವಾಗಿ ಕೆಡುವುದು ಬ್ಲೇಡಲ್ಲ, ಹಗ್ಗವನ್ನು ಹಿಂದೆ ಸೆಳೆಯುವ ಒಳಗಿನ ಸುರುಳಿ. ಅದನ್ನು ದುರಸ್ತಿ ಮಾಡುವವರಿಲ್ಲ. ಕೊತ್ತಂಬರಿ, ಮೆಂತ್ಯ ಸೊಪ್ಪಿಗೆ ಇದು ಯೋಗ್ಯವಲ್ಲ. ಸೊಪ್ಪು ಜಜ್ಜಿ ಕಪ್ಪಾಗುತ್ತದೆ.

ಕಣ್ಣೀರಿನ ವಿಷಯ. ಈರುಳ್ಳಿ ಕತ್ತರಿಸಿದಾಗ ಜೀವಕೋಶಗಳು ಒಡೆದು ಕಿಣ್ವಗಳು ಕೆಲಸಮಾಡಿ ಕಣ್ಣು ಉರಿಸುವ ಅನಿಲವೊಂದು ಉಂಟಾಗುತ್ತದೆ. ಅದನ್ನು ಉಂಟುಮಾಡುವ ನಿರ್ದಿಷ್ಟ ಕಿಣ್ವವನ್ನು ಜಪಾನಿನ ಸಂಶೋಧಕರು 2002ರಲ್ಲಿ ಪ್ರಕಟಿಸಿದರು. ಅದೇ ಸಂಶೋಧನೆಗೆ 2013ರಲ್ಲಿ ವಿನೋದದ ಇಗ್ ನೊಬೆಲ್ ಗೌರವವೂ ಸಂದಿತು. ಮುಚ್ಚಿದ ಡಬ್ಬಿಯಲ್ಲಿ ಕತ್ತರಿಸಿದರೆ ಅನಿಲ ಇಲ್ಲವಾಗುವುದಿಲ್ಲ, ಒಳಗೇ ಕೂಡಿಕೊಂಡಿರುತ್ತದೆ. ಮುಚ್ಚಳ ತೆರೆದು ಮುಖ ಬಗ್ಗಿಸಿದವರು ಎಲ್ಲವನ್ನೂ ಒಮ್ಮೆಲೇ ಪಡೆಯುತ್ತಾರೆ. ಹರಿತವಾದ ಚಾಕುವಿನಿಂದ ಕತ್ತರಿಸಿದಾಗ ಒಡೆಯುವ ಕೋಶಗಳು ಕಡಿಮೆ, ಅನಿಲವೂ ಕಡಿಮೆ. ಮೊದಲೇ ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಟ್ಟ ಈರುಳ್ಳಿಯೂ ಕಡಿಮೆ ಕಾಡುತ್ತದೆ.

ಮುಚ್ಚಳ ಒತ್ತಿ ಚೌಕಾಕಾರದ ತುಂಡು ಮಾಡುವ ಸಾಧನಗಳು ಸೌತೆ, ಬೇಯಿಸಿದ ಆಲೂಗಡ್ಡೆಯಂಥ ಮೆತ್ತನೆಯವಕ್ಕೆ ಸರಿ. ಹಸಿ ಸುವರ್ಣಗಡ್ಡೆಯನ್ನಿಟ್ಟು ಒತ್ತಿದರೆ ಮುಚ್ಚಳದ ಕೀಲು ಮುರಿಯುತ್ತದೆ. ಕುಳಿತು ಈಳಿಗೆ ಮಣೆಯಲ್ಲಿ ಹೆಚ್ಚುವವರಿಗೆ, ಮರಾಠಿಗರು ವಿಳಿ ಎನ್ನುವುದೂ ಅದನ್ನೇ, ಇವಾವುವೂ ಅಗತ್ಯವೆಂದು ಅನಿಸಿಲ್ಲ. ಆದರೆ ನೆಲದ ಮೇಲೆ ಕೂರಲಾಗದ ಮೊಣಕಾಲಿನವರೂ ಇದ್ದಾರೆ. ಅವರ ವಿಷಯಕ್ಕೆ ಮುಂದೆ ಬರುತ್ತೇವೆ.

ಕಾಯಿ ತುರಿಯುವ ಸಾಧನದಲ್ಲಿ ಒಂದು ಸ್ಥಳೀಯ ತೊಡಕಿದೆ. ತಳದಲ್ಲಿ ರಬ್ಬರ್ ಬಟ್ಟಲಿದ್ದು ನಿರ್ವಾತದಿಂದ ಕಟ್ಟೆಗೆ ಅಂಟಿಕೊಳ್ಳುವ ತಿರುಗಣಿ ತುರಿಮಣೆ ನಯವಾದ ಗ್ರಾನೈಟಿನ ಮೇಲೆ ಬಂಡೆಯಂತೆ ನಿಲ್ಲುತ್ತದೆ. ಎರಡೂ ನಗರಗಳ ಹಳೆಯ ಮನೆಗಳಲ್ಲಿ ಅಡುಗೆ ಕಟ್ಟೆ ಕಡಪಾ ಕಲ್ಲಿನದು. ಅದರ ಮೇಲ್ಮೈ ತರಿತರಿ. ಗಾಳಿ ನುಸುಳಿ ಹಿಡಿತ ಬಿಡುತ್ತದೆ, ಹಿಡಿಕೆ ತಿರುಗಿಸುವಾಗ ಇಡೀ ಸಾಧನವೇ ಕಾಯಿಯೊಡನೆ ತಿರುಗುತ್ತದೆ. ಕಡಪಾ ಕಟ್ಟೆಯವರು ತಿರುಪಿನಿಂದ ಅಂಚಿಗೆ ಬಿಗಿಯುವ ಮಾದರಿಯನ್ನೇ ಕೊಳ್ಳಬೇಕು. ಅಥವಾ ರಬ್ಬರಿನ ಕೆಳಗೆ ಒಂದು ನಯವಾದ ಟೈಲ್ಸ್ ತುಂಡನ್ನು ಕಟ್ಟೆಗೆ ಶಾಶ್ವತವಾಗಿ ಅಂಟಿಸಿಕೊಳ್ಳಬೇಕು. ಈ ಉಪಾಯ ಮಾಡಿಕೊಂಡವರು ಸುಖವಾಗಿದ್ದಾರೆ.

ಬೆಳ್ಳುಳ್ಳಿ ಸುಲಿಯುವ ಕೊಳವೆ ಒಣಗಿದ ಬೆಳ್ಳುಳ್ಳಿಗೆ ಕೆಲಸ ಮಾಡುತ್ತದೆ, ಹೊಸ ಬೆಳೆಗೆ ಇಲ್ಲ. ದಾಳಿಂಬೆ ಬಿಡಿಸುವ ಬಟ್ಟಲು ಬೇಡ. ಅರ್ಧ ಹಣ್ಣನ್ನು ಅಂಗೈಯಲ್ಲಿ ಬೋರಲಾಗಿ ಹಿಡಿದು ಬೆನ್ನಿಗೆ ಸೌಟಿನಿಂದ ಬಡಿದರೆ ಕಾಳು ಉದುರುತ್ತವೆ. ದ್ರಾಕ್ಷಿ ಸೀಳುವ ಸಾಧನವನ್ನೂ ಮಾರುತ್ತಾರೆ. ಏಕೆಂದು ನಮಗೆ ತಿಳಿಯದು. ಪುಟ್ಟ ಮಕ್ಕಳಿಗೆ ಇಡೀ ದ್ರಾಕ್ಷಿ ಗಂಟಲಿಗೆ ಸಿಕ್ಕೀತೆಂಬ ಭಯವಿದ್ದರೆ ಚಾಕು ಇದೆ.

ಹೂರಣ, ಚಕ್ಕುಲಿ, ಹಾಗೂ ಎಣ್ಣೆಯಿಲ್ಲದ ವಡೆ

ನೆರೆಹೊರೆಯ ಮರಾಠಿ ಮನೆಗಳಿಂದ ನಾವು ಪಡೆದ ಉತ್ತಮ ಸಾಧನವೆಂದರೆ ಪುರಣ ಯಂತ್ರ. ಬೆಂದ ಕಡಲೆಬೇಳೆ-ಬೆಲ್ಲವನ್ನು ಹಾಕಿ ಹಿಡಿಕೆ ತಿರುಗಿಸಿದರೆ ರಂಧ್ರದ ತಟ್ಟೆಯಿಂದ ನಯವಾದ ಹೂರಣ ಇಳಿಯುತ್ತದೆ. ಯುಗಾದಿ-ಹೋಳಿಯ ದಿನ ಒರಳಿನ ಮುಂದೆ ಕೂರುವ ಎರಡು ಗಂಟೆ ಅರ್ಧ ಗಂಟೆಗೆ ಇಳಿಯುತ್ತದೆ. ಬೇಳೆ ಬಿಸಿಯಿರುವಾಗಲೇ ಹಾಕಬೇಕು, ತಣ್ಣಗಾದರೆ ಗಟ್ಟಿಯಾಗಿ ರಂಧ್ರ ಕಟ್ಟುತ್ತದೆ. ಮೈಸೂರು ಕಡೆಯ ತೊಗರಿಬೇಳೆಯ ಹೂರಣಕ್ಕೂ ಒಗ್ಗುತ್ತದೆ. ಕಾಯಿ ಹೋಳಿಗೆಯ ಹೂರಣಕ್ಕೆ ಒಗ್ಗದು. ತುರಿಯ ನಾರು ತಟ್ಟೆಯಲ್ಲೇ ಸಿಕ್ಕಿಕೊಳ್ಳುತ್ತದೆ.

ನಾಸಿಕ ತಾಮ್ರ-ಹಿತ್ತಾಳೆಯ ಪಾತ್ರೆಗಳಿಗೆ ಹೆಸರಾದ ಊರು. ಅಲ್ಲಿನ ಹಿತ್ತಾಳೆಯ ತಿರುಪಿನ ಚಕ್ಕುಲಿ ಒರಳನ್ನು ಕೊಂಡು ಊರಿಗೆ ಉಡುಗೊರೆಯಾಗಿ ಒಯ್ಯುವವರುಂಟು. ಇದರ ಪಕ್ಕದಲ್ಲಿಯೇ ಬಂದೂಕಿನ ಆಕಾರದ, ಕುದುರೆ ಒತ್ತಿ ಹಿಟ್ಟು ಹೊರಡಿಸುವ ಹೊಸ ಮಾದರಿಯೂ ಮಾರಾಟಕ್ಕಿದೆ. ಮೆತ್ತನೆಯ ಬಿಸ್ಕತ್ತು ಹಿಟ್ಟಿಗಾಗಿ ಹುಟ್ಟಿದ ಆ ಬಂದೂಕು ನಮ್ಮ ಗಟ್ಟಿ ಚಕ್ಕುಲಿ ಹಿಟ್ಟಿಗೆ ಎರಡನೆಯ ಘಾಣಕ್ಕೇ ಹಲ್ಲು ಸವೆಯುತ್ತದೆ. ತಾಮ್ರ-ಹಿತ್ತಾಳೆಯ ಪಾತ್ರೆ ಮೋಹಿಗಳು ಇನ್ನೊಂದನ್ನು ನೆನಪಿಡಬೇಕು: ಇಂಡಕ್ಷನ್ ಒಲೆಯ ಮೇಲೆ ಅವು ಕಾಯುವುದಿಲ್ಲ, ಅಯಸ್ಕಾಂತ ಅಂಟುವ ತಳವೇ ಬೇಕು.

ಏರ್ ಫ್ರೈಯರನ್ನು ಫಿಲಿಪ್ಸ್ ಸಂಸ್ಥೆ 2010ರಲ್ಲಿ ಮೊದಲು ಮಾರುಕಟ್ಟೆಗೆ ತಂದಿತು. ಹೆಸರಿನಲ್ಲಿ ಕರಿಯುವುದಿದ್ದರೂ ಅದು ಬಿರುಸಾಗಿ ಗಾಳಿ ಬೀಸುವ ಪುಟ್ಟ ಓವನ್. ಕಾದ ಎಣ್ಣೆ ವಸ್ತುವಿನ ಎಲ್ಲ ಮೈಗೂ ಏಕಕಾಲಕ್ಕೆ ಶಾಖ ಮುಟ್ಟಿಸುವಂತೆ ಗಾಳಿ ಮುಟ್ಟಿಸಲಾರದು. ಆದ್ದರಿಂದ ಒದ್ದೆ ಹಿಟ್ಟಿನ ವಸ್ತು, ಉದ್ದಿನ ವಡೆ, ಬೋಂಡ, ಬಜ್ಜಿ, ಗರಿಗಟ್ಟುವ ಮೊದಲು ಹರಡಿ ಜಾಲರಿಗೆ ಅಂಟುತ್ತವೆ. ಮದ್ದೂರು ವಡೆ ಬರುತ್ತದೆ, ಆದರೆ ಬಿಸ್ಕತ್ತಾಗಿ. ಕೋಡುಬಳೆಯೂ ಹಾಗೆಯೇ. ಗೋಡಂಬಿ-ಶೇಂಗಾ ಹುರಿಯಲು, ಬೆಂಡೆಕಾಯಿ ಗರಿಗರಿ ಮಾಡಲು, ಹಪ್ಪಳ ಸುಡಲು, ನಿನ್ನೆಯ ಸಮೋಸಾ ಬಿಸಿ ಮಾಡಲು ಇದು ಸೊಗಸು. ಬದನೆಕಾಯಿಗೆ ತುಸು ಎಣ್ಣೆ ಸವರಿ ಸುಟ್ಟು ಭರ್ತಾ ಮಾಡಿದವರು ಮೆಚ್ಚಿದ್ದಾರೆ. 1500 ವಾಟಿನದು 20 ನಿಮಿಷ ಓಡಿದರೆ ಅರ್ಧ ಯೂನಿಟ್. ದಿನಕ್ಕೆ ಒಂದು ಬಾರಿಯಾದರೆ ತಿಂಗಳಿಗೆ 15 ಯೂನಿಟ್. ನೂರು ಯೂನಿಟ್ ದಾಟಿದೊಡನೆ ದರ ಏರುವ ಮಹಾರಾಷ್ಟ್ರದ ಬಿಲ್ಲಿನಲ್ಲಿ ಇದು ಕಾಣುವಂಥದು. ಹೃದಯದ ಕಾಯಿಲೆಯಿರುವವರಿದ್ದು ಕರಿದದ್ದನ್ನು ಬಿಡಲಾಗದ ಮನೆಗೆ ಈ ಖರ್ಚು ದಂಡವಲ್ಲ.

ಸೌರ ಕುಕ್ಕರಿನ ವಿಷಯ ಎರಡೇ ಮಾತು. ಎರಡೂ ನಗರಗಳ ನಡುವಿನ ಶಿರಡಿಯಲ್ಲಿ 2009ರಲ್ಲಿ ಸ್ಥಾಪಿಸಲಾದ 73 ಬೋಗುಣಿ ಕನ್ನಡಿಗಳ ಸೌರ ಆವಿ ವ್ಯವಸ್ಥೆ ಸಾವಿರಾರು ಭಕ್ತರ ಅಡುಗೆಗೆ ಆವಿ ಒದಗಿಸುವಂತೆ ರೂಪಿತವಾಗಿತ್ತು. ಮನೆಯ ಪೆಟ್ಟಿಗೆ ಮಾದರಿಯೂ ಬೇಳೆ-ಅನ್ನ ಬೇಯಿಸುತ್ತದೆ, ಶೇಂಗಾ ಹದವಾಗಿ ಹುರಿಯುತ್ತದೆ. ಆದರೆ ತಾರಸಿಯ ಹಕ್ಕಿಲ್ಲದ ಫ್ಲಾಟಿನವರಿಗೆ, ಹತ್ತಕ್ಕೆ ಡಬ್ಬಿ ಕಟ್ಟಬೇಕಾದವರಿಗೆ ಅದು ಉಪಯೋಗವಿಲ್ಲ.

ತೊಳೆಯುವ ನೀರು, ಹಿಡಿಯುವ ಕೈ

ಜಾಹೀರಾತಿನಲ್ಲಿ ಎಂದೂ ತೋರಿಸದ ದೃಶ್ಯ ಒಂದು: ತೊಳೆಯುವುದು. ಸಂಭಾಜಿನಗರಕ್ಕೆ ನೀರು ಬರುವುದು ಪೈಠಣದ ಜಾಯಕವಾಡಿ ಜಲಾಶಯದಿಂದ. ಅಲ್ಲಿನ ನೀರಿನ ಅಭಾವ 2022ರಲ್ಲಿ ರಾಜಕೀಯ ಮೆರವಣಿಗೆಗೂ ಕಾರಣವಾಯಿತು. ಹಲವು ದಿನಗಳಿಗೊಮ್ಮೆ ನಳ ಬರುವುದನ್ನು ಆ ಊರಿನವರು ಚೆನ್ನಾಗಿ ಬಲ್ಲರು. ಅಂಥ ಮನೆಯಲ್ಲಿ ಏಳು ಬಿಡಿಭಾಗಗಳ ಸಾಧನವೊಂದನ್ನು ಎರಡು ಕ್ಯಾರೆಟ್ ಹೆಚ್ಚಲು ಬಳಸಿದರೆ, ಉಳಿದ ಹತ್ತು ನಿಮಿಷಕ್ಕೆ ಅರ್ಧ ಬಕೆಟ್ ನೀರು ತೆರಬೇಕಾಗುತ್ತದೆ. ಜಾಲರಿಯ ಮೂಲೆಯಲ್ಲಿ ಸಿಕ್ಕ ಈರುಳ್ಳಿ ಸಿಪ್ಪೆಯನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯುವ ಕೆಲಸ ಬೇರೆ. ಒಂದು ಸಲಕರಣೆ ಅಟ್ಟ ಸೇರುವುದೋ ಇಲ್ಲವೋ ಎಂಬುದನ್ನು ಬ್ಲೇಡಿಗಿಂತ ಹೆಚ್ಚಾಗಿ ಇದೇ ನಿರ್ಧರಿಸುತ್ತದೆಂದು ನಮಗೆ ಕಂಡಿದೆ. ಕೊಳ್ಳುವ ಮುನ್ನ ಅದನ್ನು ಬಿಚ್ಚಿ ಜೋಡಿಸಿ ನೋಡಲು ಅಂಗಡಿಯವರನ್ನು ಕೇಳಬೇಕು. ಬೆರಳು ಹೋಗದ ಸಂದಿಯಿದ್ದರೆ ಬಿಡುವುದು ಮೇಲು.

ಇನ್ನೊಂದು ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಓಝರ್, ಸಾತಪುರ, ವಾಳೂಜುಗಳಿಗೆ ತರುಣರಾಗಿ ಬಂದವರಲ್ಲಿ ಅನೇಕರು ಇಂದು ನಿವೃತ್ತರು. ಮಕ್ಕಳು ಪುಣೆ, ಬೆಂಗಳೂರು, ಅಮೆರಿಕಗಳಲ್ಲಿದ್ದಾರೆ. ಮನೆಯಲ್ಲಿ ಇಬ್ಬರೇ, ಕೆಲವೊಮ್ಮೆ ಒಬ್ಬರೇ. ಇಂಥಲ್ಲಿ ಕೇಳಬೇಕಾದದ್ದು ಸಾಧನ ಸಮಯ ಉಳಿಸುತ್ತದೆಯೇ ಎಂದಲ್ಲ. ಬೆರಳಿನ ಕೀಲುನೋವಿನ ಹೆಣ್ಣುಮಗಳೊಬ್ಬಳು ಇನ್ನೂ ತನ್ನ ಅಡುಗೆಯನ್ನು ತಾನೇ ಮಾಡಿಕೊಳ್ಳಬಲ್ಲಳೇ ಎಂದು. ತರುಣರು ನಗುವ ಸಾಧನ ಅವರಿಗೆ ಊರುಗೋಲು. ಅಮೆರಿಕದ ಸ್ಯಾಮ್ ಫಾರ್ಬರ್ ಅವರು ಸಂಧಿವಾತವಿದ್ದ ತಮ್ಮ ಪತ್ನಿ ಬೆಟ್ಸಿ ಸಿಪ್ಪೆ ಹೆರೆಯಲು ಪಡುತ್ತಿದ್ದ ಕಷ್ಟ ನೋಡಿ ದಪ್ಪ ಮೆತ್ತನೆಯ ಹಿಡಿಕೆಯ ಹೆರೆಮಣೆಯನ್ನು ರೂಪಿಸಿದರು. 1990ರಲ್ಲಿ 'ಆಕ್ಸೊ' ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂತು. ನೋವಿರುವವರಿಗಾಗಿ ಮಾಡಿದ ಹಿಡಿಕೆ ಎಲ್ಲರಿಗೂ ಹಿತವೆನಿಸಿತು. ನಮ್ಮ ಬಜಾರಿನಲ್ಲೂ ಈಗ ಅಂಥ ದಪ್ಪ ಹಿಡಿಕೆಯವು ಸಿಗುತ್ತವೆ. ಉಪ್ಪಿನಕಾಯಿ ಭರಣಿಯ ಮುಚ್ಚಳ ತೆಗೆಯುವ ರಬ್ಬರ್ ಹಿಡಿ, ಕೈ ನಡುಗುವವರಿಗೆ ಹಗ್ಗದ ಬದಲು ಗುಂಡಿಯೊತ್ತಿ ನಡೆಸುವ ಪುಟ್ಟ ವಿದ್ಯುತ್ ಕತ್ತರಿ ಡಬ್ಬಿ, ಹೊತ್ತಾದರೆ ತಾನೇ ಆರುವ ಅನ್ನದ ಕುಕ್ಕರ್, ಇವುಗಳಿಗೆ ಮಾಡುವ ಖರ್ಚನ್ನು ಯಾರೂ ಪ್ರಶ್ನಿಸಬಾರದು. ಮರೆವು ಆರಂಭವಾದ ಹಿರಿಯರಿರುವಲ್ಲಿ ತಾನೇ ಆರುವ ಗುಣ ಪ್ರಾಣದ ಮಾತು.

ಮಕ್ಕಳಲ್ಲಿ ಒಂದು ವಿನಂತಿ. ವಿದೇಶದಿಂದ ಬರುವಾಗ ಬೆರಗಿನ ಯಂತ್ರ ತರುವುದಕ್ಕಿಂತ, ಒಂದು ದಿನ ತಾಯಿಯ ಪಕ್ಕದಲ್ಲಿ ನಿಂತು ಅವರಿಗೆ ಯಾವ ಕೆಲಸದಲ್ಲಿ ಕೈ ನೋಯುತ್ತದೆಂದು ನೋಡಿ ಅದಕ್ಕೆ ತಕ್ಕದ್ದನ್ನು ಇಲ್ಲಿಯೇ ಕೊಡಿಸುವುದು ಉತ್ತಮ. ಇಂಗ್ಲಿಷಿನ ಹದಿನಾಲ್ಕು ಗುಂಡಿಗಳ ಯಂತ್ರ ಪೆಟ್ಟಿಗೆಯಲ್ಲೇ ಉಳಿದ ಮನೆಗಳನ್ನು ನಾವು ಬಲ್ಲೆವು.

ಕೊಳ್ಳುವವರಿಗೆ ಕೆಲವು ಮಾಹಿತಿ. ಗೃಹಬಳಕೆಯ ಪ್ರೆಷರ್ ಕುಕ್ಕರಿಗೆ ಐ.ಎಸ್.ಐ. ಗುರುತು 2021ರ ಫೆಬ್ರವರಿಯಿಂದ ಕಡ್ಡಾಯವಾಗಿದೆ. ಗುರುತಿಲ್ಲದ್ದನ್ನು ಎಷ್ಟೇ ಅಗ್ಗವಾದರೂ ಕೊಳ್ಳಬಾರದು. ವಿದ್ಯುತ್ ಸಾಧನಗಳಲ್ಲೂ ಈ ಗುರುತನ್ನು ಹುಡುಕಬೇಕು. ಅಂತರ್ಜಾಲದಲ್ಲಿ ಮಾರುವವರು ವಸ್ತು ತಯಾರಾದ ದೇಶವನ್ನು ತಿಳಿಸಬೇಕೆಂದು 2020ರ ನಿಯಮಗಳು ಹೇಳುತ್ತವೆ. ಪ್ರದರ್ಶನದಲ್ಲಿ ಕೊಂಡಾಗ ರಸೀದಿ ಕೇಳಿ ಪಡೆಯಬೇಕು, ಏಕೆಂದರೆ ಮುಂದಿನ ವಾರ ಆ ಮಳಿಗೆ ಬೇರೆ ಊರಿನಲ್ಲಿರುತ್ತದೆ. ದೂರಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಮಿಕ್ಸರ್ ಜಾಡಿಯ ಬ್ಲೇಡು, ತಳದ ರಬ್ಬರ್ ಕಪ್ಪಿ, ಪುರಣ ಯಂತ್ರದ ತಟ್ಟೆ, ಗ್ರೈಂಡರಿನ ಬೆಲ್ಟು ಇವು ಎರಡೂ ಊರುಗಳ ಪಾತ್ರೆ ಬಜಾರಿನ ಸುತ್ತಲಿನ ದುರಸ್ತಿ ಅಂಗಡಿಗಳಲ್ಲಿ ಬಿಡಿಯಾಗಿ ಸಿಗುತ್ತವೆ. ಹೊಸದನ್ನು ಕೊಳ್ಳುವ ಮೊದಲು ಆ ಅಂಗಡಿಯವರನ್ನೇ, ಈ ಸಾಧನದ ಬಿಡಿಭಾಗ ನಿಮ್ಮಲ್ಲಿ ಸಿಗುತ್ತದೆಯೇ ಎಂದು ಒಮ್ಮೆ ವಿಚಾರಿಸಬಹುದು.